ಒಂದೇ ಕೊಯ್ತದಲ್ಲಿ ಎರಡು ಕಾರ್ಯ

ಕಳೆದ ಚಳಿಗಾಲದ ಒಂದು ರಾತ್ರಿ, ಹನ್ನೊಂದು ಗಂಟೆಯ ಸಮಯದಲ್ಲಿ, ನಾನೂ ನನ್ನ ತಾಯಿಯವರೂ ನಮ್ಮೂರಿನ ಪಶುವೈದ್ಯೆಯೊಬ್ಬರ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತಿದ್ದೆವು. ಒಳಗಿನ ಮೇಜಿನ ಮೇಲೆ ಮಲಗಿದ್ದುದು ನಮ್ಮ ಮನೆಯ ನಾಯಿ ಕೆಂಚಿ. ವಯಸ್ಸು ನಾಲ್ಕು ವರ್ಷ. ಬಸುರಾಗುವುದಕ್ಕೆ ಮುಂಚೆ ಅದರ ತೂಕ 9 ಕಿಲೋಗ್ರಾಂ. ಜಾತಿ ಇಂಥದೇ ಎಂದು ಹೇಳುವಂತಿಲ್ಲ. ಸಂಜೆ ಏಳು ಗಂಟೆಯಿಂದ ಅದು ಮುಕ್ಕುತ್ತಿತ್ತು. ಕಡುಹಸುರು ಬಣ್ಣದ ದ್ರವ ಸ್ರವಿಸಿತ್ತೇ ಹೊರತು ಮರಿ ಹೊರಬಂದಿರಲಿಲ್ಲ. ಎಕ್ಸ್-ಕಿರಣದ ಚಿತ್ರದಲ್ಲಿ ಎರಡು ಮರಿಗಳು ಕಾಣಿಸಿದುವು. ಮುಂದಿನ ಮರಿಯ ತಲೆ ತಾಯಿಯ ಸೊಂಟದ ಮೂಳೆಯ ಬಾಗಿಲಿಗಿಂತ ದೊಡ್ಡದಾಗಿತ್ತು. ಸಿಸೇರಿಯನ್ ಶಸ್ತ್ರಚಿಕಿತ್ಸೆಯೊಂದೇ ಉಳಿದ ದಾರಿಯೆಂದು ವೈದ್ಯೆ ಹೇಳಿದರು. ಅದಕ್ಕೆ ನಾವು ಒಪ್ಪಿದೆವು. ಆಗ ಅವರು ಎರಡನೆಯ ಪ್ರಶ್ನೆಯನ್ನು ಕೇಳಿದರು.

“ಹೇಗೂ ಹೊಟ್ಟೆಯನ್ನು ತೆರೆಯುತ್ತೇನೆ, ಮೇಷ್ಟ್ರೇ. ಮರಿಗಳನ್ನು ತೆಗೆದ ಮೇಲೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಡಲೆ? ಅಥವಾ ಮರಿಗಳನ್ನು ಮಾತ್ರ ತೆಗೆದು ಹೊಲಿಗೆ ಹಾಕಲೆ? ಹತ್ತು ನಿಮಿಷದಲ್ಲಿ ತಿಳಿಸಿ.”

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು ನಾನು. ಲೋಲಕದ ಆವರ್ತಕಾಲವನ್ನು ಕೇಳಿದ್ದರೆ ಆ ಕ್ಷಣದಲ್ಲಿಯೇ ಹೇಳುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಮೇಲ್ನೋಟಕ್ಕೆ ಇದು ಮಿತವ್ಯಯದ ಪ್ರಶ್ನೆಯಂತೆ ತೋರುವುದು: ಒಂದೇ ಅರಿವಳಿಕೆ, ಒಂದೇ ಗಾಯ, ಒಂದೇ ಖರ್ಚು, ಕೆಲಸ ಮಾತ್ರ ಎರಡು. ಆದರೆ ಮನೆಯ ಲೆಕ್ಕದಲ್ಲಿ ಸರಿಹೋದುದು ದೇಹದ ಲೆಕ್ಕದಲ್ಲಿಯೂ ಸರಿಹೋಗಬೇಕೆಂಬ ನಿಯಮವೇನೂ ಇಲ್ಲ. ಆ ಹತ್ತು ನಿಮಿಷಗಳಲ್ಲಿ ವೈದ್ಯೆ ನಮಗೆ ತಿಳಿಸಿದುದನ್ನೂ, ಆಮೇಲೆ ಗ್ರಂಥಗಳಿಂದ ನಾನು ಅರಿತುಕೊಂಡುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾಯಿ ಸಾಕಿದ ಯಾವ ಮನೆಯವರಿಗಾದರೂ ಒಂದು ದಿನ ಈ ಪ್ರಶ್ನೆ ಎದುರಾಗಬಹುದು.

ನಾಯಿಗೇಕೆ ಸಿಸೇರಿಯನ್?

ನಾಯಿಯ ಗರ್ಭಧಾರಣೆಯ ಅವಧಿ ಅಂಡ ಬಿಡುಗಡೆಯಾದ ದಿನದಿಂದ ಸುಮಾರು 63 ದಿನಗಳು. ಗಂಡಿನೊಡನೆ ಕೂಡಿದ ದಿನದಿಂದ ಎಣಿಸಿದರೆ 57 ರಿಂದ 72 ದಿನಗಳವರೆಗೆ ವ್ಯತ್ಯಾಸವಾಗುವುದುಂಟು. ನಾಯಿಯ ಗರ್ಭಕೋಶವು ನಮ್ಮದರಂತೆ ಒಂದೇ ಚೀಲವಲ್ಲ. ಕವಣೆಯ ಕವಲುಕಡ್ಡಿಯಂತೆ ಎರಡು ಉದ್ದವಾದ ಕವಲುಗಳಾಗಿ ಒಡೆದಿರುವುದು. ಮರಿಗಳು ಈ ಕವಲುಗಳಲ್ಲಿ ಸಾಲಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ಅವು ಒಂದರ ಹಿಂದೊಂದರಂತೆ ಸುಲಭವಾಗಿ ಹೊರಬರುವುವು. ಆದರೆ ಮರಿಗಳ ಸಂಖ್ಯೆ ಕಡಮೆಯಾದರೆ ಒಂದೊಂದೂ ದೊಡ್ಡದಾಗಿ ಬೆಳೆಯುವ ಸಂಭವವುಂಟು. ಗರ್ಭಕೋಶದ ಸ್ನಾಯುಗಳು ದಣಿದು ಕುಗ್ಗುವುದನ್ನೇ ನಿಲ್ಲಿಸಬಹುದು. ಮರಿ ಅಡ್ಡಲಾಗಿ ತಿರುಗಿರಬಹುದು.

ಹೆರಿಗೆಗೆ 12 ರಿಂದ 24 ಗಂಟೆಗಳಷ್ಟು ಮುಂಚೆ ತಾಯಿನಾಯಿಯ ದೇಹದ ಉಷ್ಣತೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದು. ಇಳಿದು ಒಂದು ದಿನ ಕಳೆದರೂ ಹೆರಿಗೆ ಆರಂಭವಾಗದಿದ್ದರೆ, ಅರ್ಧ ಗಂಟೆಯ ಕಾಲ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಂದೂ ಮರಿ ಹುಟ್ಟುವ ಮುನ್ನವೇ ಕಡುಹಸುರು ದ್ರವ ಕಂಡರೆ, ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು. ಆ ಹಸುರು ಬಣ್ಣವು ಮರಿಯ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುತ್ತಿರುವುದರ ಕುರುಹು. ಮಾಸು ಕಳಚಿತೆಂದರೆ ಮರಿಗೆ ಆಮ್ಲಜನಕ ಬರುವ ದಾರಿ ಮುಚ್ಚಿತೆಂದೇ ಅರ್ಥ. ಕೆಂಚಿಯ ವಿಷಯದಲ್ಲಿ ನಾವು ಈ ಕುರುಹನ್ನು ತಿಳಿಯದೆ ಎರಡು ಗಂಟೆಗಳನ್ನು ಕಳೆದೆವು.

ಕೆಲವು ಜಾತಿಗಳಲ್ಲಿ ಈ ತೊಂದರೆ ಹುಟ್ಟಿನೊಡನೆಯೇ ಬಂದುದು. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಸ್ಟನ್ ಟೆರಿಯರ್ ಮೊದಲಾದ ಚಪ್ಪಟೆ ಮೂತಿಯ ನಾಯಿಗಳನ್ನು ಮನುಷ್ಯನು ತನ್ನ ಕಣ್ಣಿನ ತೃಪ್ತಿಗಾಗಿ ದೊಡ್ಡ ತಲೆ, ಕಿರಿದಾದ ಸೊಂಟ ಬರುವಂತೆ ತಲೆತಲಾಂತರದಿಂದ ಆರಿಸಿ ಬೆಳೆಸಿದ್ದಾನೆ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಸಮೀಕ್ಷೆಯ ಪ್ರಕಾರ ಈ ಮೂರು ಜಾತಿಗಳ ಹೆರಿಗೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಿಸೇರಿಯನ್‌ನಿಂದಲೇ ಆದುವು. ಇಂಥ ನಾಯಿ ಮತ್ತೊಮ್ಮೆ ಬಸುರಾದರೆ ಮತ್ತೊಮ್ಮೆ ಕತ್ತಿಯ ಕೆಳಗೆ ಮಲಗುವುದು ಬಹುಮಟ್ಟಿಗೆ ನಿಶ್ಚಯವೇ. “ಇನ್ನು ಸಾಕು, ಇದೇ ಸಮಯದಲ್ಲಿ ಗರ್ಭಕೋಶವನ್ನು ತೆಗೆದುಬಿಡೋಣ” ಎಂಬ ಯೋಚನೆ ಹುಟ್ಟುವುದು ಇಲ್ಲಿಯೇ.

ಪೋರೊ ಮಾಡಿದ ಸಾಹಸ

ಈ ಯೋಚನೆಯು ಮಾನವ ವೈದ್ಯದ ಇತಿಹಾಸದಲ್ಲಿ ಒಂದು ಮುಖ್ಯ ಸ್ಥಾನವನ್ನು ಪಡೆದಿದೆ ಎಂಬುದು ಸ್ವಾರಸ್ಯದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಸಿಸೇರಿಯನ್ ಆದ ತಾಯಂದಿರಲ್ಲಿ ಬದುಕಿ ಉಳಿದವರು ವಿರಳ. ಆಗಿನ ಶಸ್ತ್ರವೈದ್ಯರು ಗರ್ಭಕೋಶವನ್ನು ಸೀಳಿ ಮಗುವನ್ನು ತೆಗೆದ ಬಳಿಕ ಆ ಸೀಳಿಗೆ ಹೊಲಿಗೆ ಹಾಕದೆ ಬಿಡುತ್ತಿದ್ದುದೇ ವಾಡಿಕೆ. ರಕ್ತ ಸೋರಿಯೋ, ನಂಜೇರಿಯೋ ತಾಯಿ ಸಾಯುತ್ತಿದ್ದಳು. 1876ರ ಮೇ ತಿಂಗಳಲ್ಲಿ ಇಟಲಿಯ ಪಾವಿಯಾ ನಗರದ ವೈದ್ಯ ಎದೊವಾರ್ದೊ ಪೋರೊ ಎಂಬಾತನು, ಸೊಂಟದ ಮೂಳೆ ವಿಕಾರಗೊಂಡಿದ್ದ 25 ವರ್ಷದ ಗರ್ಭಿಣಿಯೊಬ್ಬಳಿಗೆ ಸಿಸೇರಿಯನ್ ಮಾಡಿ, ಮಗುವನ್ನು ಹೊರತೆಗೆದೊಡನೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಕತ್ತರಿಸಿ ತೆಗೆದನು. ರಕ್ತ ಸೋರುವ ಅಂಗವೇ ಇಲ್ಲದಿದ್ದರೆ ರಕ್ತಸ್ರಾವವೂ ಇಲ್ಲವೆಂಬುದು ಅವನ ತರ್ಕ. ತಾಯಿಯೂ ಹೆಣ್ಣುಮಗುವೂ ಬದುಕಿದರು.

ಆರು ವರ್ಷಗಳ ತರುವಾಯ, 1882ರಲ್ಲಿ, ಜರ್ಮನಿಯ ಮಾಕ್ಸ್ ಸೆಂಗರ್ ಎಂಬ ವೈದ್ಯನು ಗರ್ಭಕೋಶದ ಸೀಳನ್ನು ಬೆಳ್ಳಿಯ ತಂತಿ ಮತ್ತು ರೇಷ್ಮೆಯ ದಾರಗಳಿಂದ ಎಚ್ಚರಿಕೆಯಾಗಿ ಹೊಲಿಯುವ ವಿಧಾನವನ್ನು ಪ್ರಚಾರಕ್ಕೆ ತಂದನು. ಆಮೇಲೆ ಅಂಗವನ್ನು ಬಲಿಗೊಡಬೇಕಾದ ಅಗತ್ಯ ಕಡಮೆಯಾಯಿತು. ಪೋರೊ ಗರ್ಭಕೋಶವನ್ನು ತೆಗೆದುದು ತಾಯಿಯನ್ನು ಉಳಿಸುವ ಸಲುವಾಗಿ. ಇಂದು ನಾಯಿಯ ಒಡೆಯನು ಅದನ್ನು ತೆಗೆಸಲು ಬಯಸುವುದು ಮುಂದಿನ ಬಸುರನ್ನು ತಪ್ಪಿಸುವ ಸಲುವಾಗಿ. ಕಾರ್ಯ ಒಂದೇ, ಕಾರಣ ಬೇರೆ. ಕಾರಣ ಬೇರೆಯಾದುದರಿಂದ ಲಾಭನಷ್ಟಗಳ ತಕ್ಕಡಿಯನ್ನೂ ಹೊಸದಾಗಿ ತೂಗಬೇಕಾಗುವುದು.

ಲಾಭದ ತಟ್ಟೆ

ಮೊದಲು ಲಾಭಗಳನ್ನು ನೋಡೋಣ. ಎರಡನೆಯ ಅರಿವಳಿಕೆಯೂ ಎರಡನೆಯ ಗಾಯವೂ ತಪ್ಪುವುವು ಎಂಬುದು ಸ್ಪಷ್ಟ. ಅದಕ್ಕಿಂತ ಮಿಗಿಲಾದುದು ಪಯೊಮೆಟ್ರ ಎಂಬ ರೋಗದಿಂದ ದೊರೆಯುವ ರಕ್ಷಣೆ. ಇದು ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಪ್ರತಿಯೊಂದು ಬೆದೆಯ ನಂತರವೂ, ನಾಯಿ ಬಸುರಾಗಲಿ ಆಗದಿರಲಿ, ಅದರ ಅಂಡಾಶಯಗಳು ಸುಮಾರು ಎರಡು ತಿಂಗಳ ಕಾಲ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನನ್ನು ಸ್ರವಿಸುವುವು. ಅದರ ಪ್ರಭಾವದಿಂದ ಗರ್ಭಕೋಶದ ಒಳಪದರ ದಪ್ಪವಾಗಿ ರೋಗಾಣುಗಳಿಗೆ ಹದವಾದ ನೆಲವಾಗುವುದು. ಸ್ವೀಡನ್ನಿನಲ್ಲಿ ಸಾಕುನಾಯಿಗಳಿಗೆ ಸಂತಾನಹರಣ ಮಾಡಿಸುವ ರೂಢಿ ಬಹುಕಾಲ ಕಡಮೆಯಿತ್ತು. ಆದುದರಿಂದ ಅಲ್ಲಿನ ವಿಮೆಯ ದಾಖಲೆಗಳಲ್ಲಿ ಈ ರೋಗದ ನಿಜವಾದ ಪ್ರಮಾಣ ಕಾಣಸಿಗುವುದು. ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣುನಾಯಿ ಇದಕ್ಕೆ ತುತ್ತಾಗುವುದೆಂದು ಆ ದಾಖಲೆಗಳು ತಿಳಿಸುತ್ತವೆ. ಗರ್ಭಕೋಶವೂ ಅಂಡಾಶಯಗಳೂ ಇಲ್ಲದ ನಾಯಿಗೆ ಈ ಭಯವಿಲ್ಲ.

ಸ್ತನದ ಗಂತಿಗಳೂ ತಪ್ಪುವುವೆಂದು ಹಲವರು ಹೇಳುವುದುಂಟು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 1969ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ, ಸಂತಾನಹರಣವಾಗದ ನಾಯಿಯ ಅಪಾಯವನ್ನು 100 ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುನ್ನ ಸಂತಾನಹರಣವಾದ ನಾಯಿಯ ಅಪಾಯ 0.5, ಒಂದು ಬೆದೆಯ ಬಳಿಕ 8, ಎರಡು ಅಥವಾ ಹೆಚ್ಚು ಬೆದೆಗಳ ಬಳಿಕ 26 ಎಂದು ಕಂಡುಬಂದಿತು. ಅಂದರೆ ಕಾಲ ಕಳೆದಂತೆ ಲಾಭ ಕರಗುತ್ತದೆ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರೀಕ್ಷಿಸಿ, ಇವುಗಳ ಆಧಾರ ದುರ್ಬಲವೆಂದೂ ತೀರ್ಮಾನಿಸಿದರು. ಹಲವು ಬೆದೆಗಳನ್ನು ಕಂಡು ಹೆರಿಗೆಯ ಮೇಜನ್ನೇರಿದ ನಾಲ್ಕು ವರ್ಷದ ನಾಯಿಗೆ ಈ ಲಾಭವನ್ನು ದೊಡ್ಡದಾಗಿ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ.

ಸಂತಾನಹರಣಕ್ಕೆ ತನ್ನದೇ ಆದ ಬೆಲೆಯೂ ಉಂಟು. ಕೆಲವು ನಾಯಿಗಳಿಗೆ, ಮುಖ್ಯವಾಗಿ ದೊಡ್ಡ ಮೈಕಟ್ಟಿನವುಗಳಿಗೆ, ಮುಂದೆ ನಿದ್ರೆಯಲ್ಲಿ ಮೂತ್ರ ಸೋರುವ ತೊಂದರೆ ಬರಬಹುದು. ಊಟವನ್ನು ಹಿಡಿತದಲ್ಲಿಡದಿದ್ದರೆ ಬೊಜ್ಜು ಬೆಳೆಯಬಹುದು. ಆದರೆ ಈ ಬೆಲೆಯನ್ನು ಹೆರಿಗೆಯ ದಿನ ಮಾಡಿಸಿದರೂ ತೆರಬೇಕು, ಬೇರೆ ದಿನ ಮಾಡಿಸಿದರೂ ತೆರಬೇಕು. ನಮ್ಮ ಪ್ರಶ್ನೆ ಸಂತಾನಹರಣ ಬೇಕೆ ಬೇಡವೆ ಎಂಬುದಷ್ಟೇ ಅಲ್ಲ. ಈ ರಾತ್ರಿಯೇ ಬೇಕೆ ಎಂಬುದು.

ಹಾಲು ಬತ್ತುವುದೆ?

ವೈದ್ಯೆ ಪ್ರಶ್ನೆಯನ್ನು ಕೇಳಿದೊಡನೆ ನನ್ನ ತಾಯಿಯವರು, “ಗರ್ಭಕೋಶ ತೆಗೆದರೆ ಮರಿಗಳಿಗೆ ಹಾಲಿಲ್ಲದೆ ಹೋಗುವುದಿಲ್ಲವೇನಮ್ಮ?” ಎಂದರು. ಈ ಭಯ ಬಹಳ ಜನರಲ್ಲಿ ಇದೆ. ವೈದ್ಯೆ ನಕ್ಕು, “ಇಲ್ಲಮ್ಮ, ಹಾಲಿನ ಬೀಗದ ಕೈ ಇರುವುದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ” ಎಂದರು.

ಈ ಮಾತು ಅಕ್ಷರಶಃ ಸತ್ಯ. ಹಾಲಿನ ಉತ್ಪತ್ತಿಗೆ ಮುಖ್ಯ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿ ಹುಟ್ಟುವುದು. ಮರಿ ಚೀಪಿದಾಗ ಹಾಲು ಇಳಿಯುವಂತೆ ಮಾಡುವ ಆಕ್ಸಿಟೋಸಿನ್ ಅದೇ ಗ್ರಂಥಿಯ ಹಿಂಭಾಗದಿಂದ ಹೊರಬೀಳುವುದು. ಅಂಡಾಶಯದ ಪ್ರೊಜೆಸ್ಟೆರೋನಾದರೋ ಬಸುರಿನ ಕಾಲದಲ್ಲಿ ಹಾಲನ್ನು ತಡೆದು ಹಿಡಿದಿರುವ ತೂಬಿನಂತೆ ವರ್ತಿಸುವುದು. ನಾಯಿಯಲ್ಲಿ ಬಸುರಿನ ಉದ್ದಕ್ಕೂ ಈ ಹಾರ್ಮೋನಿಗೆ ಅಂಡಾಶಯವೊಂದೇ ಮೂಲ. ಹೆರಿಗೆಗೆ ಸುಮಾರು ಒಂದು ದಿನ ಮುಂಚೆ ಅದರ ಮಟ್ಟ ತಾನಾಗಿಯೇ ಕುಸಿಯುವುದು. ತೂಬು ತೆರೆಯಿತು, ಪ್ರೊಲ್ಯಾಕ್ಟಿನ್ ಏರಿತು, ಹಾಲು ಇಳಿಯಿತು. ಹೆರಿಗೆಯ ಹೊತ್ತಿಗೆ ಅಂಡಾಶಯಗಳನ್ನು ತೆಗೆದರೆ ಹಾಲಿಗೆ ಬೇಕಾದ ಯಾವ ವಸ್ತುವೂ ಕಳೆದುಹೋಗುವುದಿಲ್ಲ.

ಇದಕ್ಕೆ ಒಂದು ವಿಚಿತ್ರವಾದ ಸಾಕ್ಷ್ಯವೂ ಉಂಟು. ಬಸುರಾಗದ ನಾಯಿಗೆ ಬೆದೆಯ ನಂತರದ ಎರಡು ತಿಂಗಳೊಳಗೆ, ಪ್ರೊಜೆಸ್ಟೆರೋನ್ ಹೆಚ್ಚಾಗಿರುವಾಗ, ಸಂತಾನಹರಣ ಮಾಡಿದರೆ ಕೆಲವು ವೇಳೆ ಕೆಲವೇ ದಿನಗಳಲ್ಲಿ ಅದರ ಮೊಲೆಗಳಲ್ಲಿ ಹಾಲು ತುಂಬುವುದು! ಅಂಡಾಶಯವನ್ನು ತೆಗೆದುದರಿಂದ ಹಾಲು ಬತ್ತಲಿಲ್ಲ, ಬಂದಿತು. ಹಾಲಿನ ಭಯವನ್ನು ತಕ್ಕಡಿಯಿಂದ ಇಳಿಸಿಬಿಡಲು ಈ ಒಂದು ಸಂಗತಿಯೇ ಸಾಕು.

ನಿಜವಾದ ಪ್ರಶ್ನೆ: ರಕ್ತ

ಹಾಗಾದರೆ ವೈದ್ಯರು ಹಿಂಜರಿಯುವುದು ಏತಕ್ಕೆ? ಉತ್ತರ ಒಂದೇ ಪದದಲ್ಲಿದೆ: ರಕ್ತ. ಇಲ್ಲಿ ಭೌತವಿಜ್ಞಾನವು ನಮ್ಮ ನೆರವಿಗೆ ಬರುವುದು.

ಕಾಲೇಜಿನ ವಿದ್ಯಾರ್ಥಿಗಳು ಪ್ವಾಸೆಯ್‌ನ ಸೂತ್ರವನ್ನು ಓದಿರುತ್ತಾರೆ. ಈತನು (1797–1869) ವೃತ್ತಿಯಿಂದ ವೈದ್ಯ. ರಕ್ತವು ನಾಳಗಳಲ್ಲಿ ಹರಿಯುವ ಬಗೆಯನ್ನು ತಿಳಿಯುವ ಹಂಬಲದಿಂದಲೇ ಆತನು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ದ್ರವದ ಹರಿವನ್ನು ಅಳೆದನು. ಆತನು ಕಂಡುಕೊಂಡ ನಿಯಮದ ಪ್ರಕಾರ, ಉಳಿದುದೆಲ್ಲ ಸಮನಾಗಿದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದು. ತ್ರಿಜ್ಯ ಒಂದೂವರೆ ಪಟ್ಟಾದರೆ ಹರಿವು ಐದು ಪಟ್ಟು. ಎರಡು ಪಟ್ಟಾದರೆ ಹದಿನಾರು ಪಟ್ಟು. ಮೂರು ಪಟ್ಟಾದರೆ ಎಂಬತ್ತೊಂದು ಪಟ್ಟು. ಜೀವಂತ ದೇಹದಲ್ಲಿ ನಾಳಗಳು ಗಾಜಿನಂತೆ ಗಡುಸಲ್ಲ. ಲೆಕ್ಕ ಇಷ್ಟು ಸರಳವೂ ಅಲ್ಲ. ಆದರೂ ನಾಳ ಸ್ವಲ್ಪ ಅಗಲವಾದರೆ ಹರಿವು ಬಹಳ ಹೆಚ್ಚುವುದೆಂಬ ತತ್ತ್ವ ಅಲ್ಲಿಯೂ ನಿಲ್ಲುವುದು.

ಬಸುರಿಲ್ಲದ ಸಣ್ಣ ನಾಯಿಯ ಗರ್ಭಕೋಶದ ರಕ್ತನಾಳಗಳು ತೆಳುವಾದ ದಾರದಂತಿರುವುವು. ಬಸುರು ಬೆಳೆದಂತೆ, ಮರಿಗಳಿಗೆಲ್ಲ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಸಲುವಾಗಿ, ಅವು ಹಲವು ಪಟ್ಟು ಅಗಲವಾಗುವುವು. ಸುತ್ತಲಿನ ಅಂಗಾಂಶವು ನೀರುಂಡು ಮೆತ್ತಗಾಗಿರುವುದು. ಸಂತಾನಹರಣದಲ್ಲಿ ಈ ನಾಳಗಳನ್ನು ದಾರದಿಂದ ಬಿಗಿದು ಕಟ್ಟಿ ಕತ್ತರಿಸಬೇಕು. ಸಾಮಾನ್ಯ ದಿನದಲ್ಲಿ ಒಂದು ಕಟ್ಟು ಜಾರಿದರೆ ಅದು ತೊಂದರೆ. ಹೆರಿಗೆಯ ದಿನ ಜಾರಿದರೆ ವಿಪತ್ತು.

ಕಳೆದುಕೊಳ್ಳಲು ನಾಯಿಯ ಬಳಿ ಇರುವ ರಕ್ತವಾದರೂ ಎಷ್ಟು? ನಾಯಿಯ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80 ರಿಂದ 90 ಮಿಲಿಲೀಟರ್ ರಕ್ತವಿರುವುದು. ಕೆಂಚಿಯ 9 ಕಿಲೋಗ್ರಾಂ ತೂಕಕ್ಕೆ ಇದು ಸುಮಾರು ಮುಕ್ಕಾಲು ಲೀಟರು. ರಕ್ತದಾನ ಮಾಡುವ ಆರೋಗ್ಯವಂತ ಮನುಷ್ಯನು 350 ಮಿಲಿಲೀಟರ್ ಕೊಟ್ಟು, ಕಾಫಿ ಕುಡಿದು ಮನೆಗೆ ನಡೆದುಹೋಗುತ್ತಾನೆ. ಅದರ ಅರ್ಧಕ್ಕಿಂತ ಕಡಮೆ, ಅಂದರೆ ಒಂದು ಸಣ್ಣ ಲೋಟ ತುಂಬುವ 150 ಮಿಲಿಲೀಟರ್, ಕೆಂಚಿಯ ಮೈಯಿಂದ ಹೋದರೆ ಅದರ ರಕ್ತದಲ್ಲಿ ಐದನೆಯ ಒಂದು ಪಾಲು ಹೋದಂತೆ.

ಇದರ ಮೇಲೆ ಇನ್ನೊಂದು ಸಂಗತಿ. ಬಸುರಿನಲ್ಲಿ ರಕ್ತದ ದ್ರವಭಾಗವು ಕೆಂಪುಕಣಗಳಿಗಿಂತ ಹೆಚ್ಚಾಗಿ ಬೆಳೆಯುವುದರಿಂದ ರಕ್ತ ತೆಳುವಾಗಿರುವುದು. ಮಾಮೂಲಾಗಿ ನೂರಕ್ಕೆ 40ಕ್ಕೂ ಮೇಲಿರುವ ಕೆಂಪುಕಣಗಳ ಪಾಲು ದಿನ ತುಂಬಿದ ನಾಯಿಯಲ್ಲಿ 30 ರಿಂದ 35ರವರೆಗೆ ಇಳಿದಿರಬಹುದು. ಮರಿಗಳು ಹೊರಬಂದ ಬಳಿಕ ಗರ್ಭಕೋಶವು ಕುಗ್ಗಿದಾಗ ಅದರ ಗೋಡೆಗಳಲ್ಲಿದ್ದ ರಕ್ತವು, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ತಾಯಿಯ ಮೈಗೆ ಹಿಂದಿರುಗುವುದು. ಕುಗ್ಗುವುದಕ್ಕೆ ಮುನ್ನವೇ ಅದನ್ನು ಕತ್ತರಿಸಿ ತೆಗೆದರೆ ಆ ರಕ್ತವೂ ಅದರೊಡನೆಯೇ ಹೋಗುವುದು.

ಚೆನ್ನಾಗಿ ಉಂಡು, ದಣಿಯದೆ, ಗೊತ್ತುಮಾಡಿದ ದಿನ ಹಗಲಿನಲ್ಲಿ ಮೇಜನ್ನೇರಿದ ನಾಯಿ ಈ ನಷ್ಟವನ್ನು ತಾಳಿಕೊಳ್ಳಬಲ್ಲುದು. ಗಂಟೆಗಟ್ಟಲೆ ಮುಕ್ಕಿ, ನೀರು ಕುಡಿಯದೆ, ನಾಡಿ ಓಡುತ್ತಿರುವ ನಾಯಿಗೆ ಅದೇ ನಷ್ಟ ಪ್ರಾಣಾಂತಿಕವಾಗಬಹುದು. ಆದುದರಿಂದ ಗರ್ಭಕೋಶವನ್ನು ತೆಗೆಯುವುದು ಒಳ್ಳೆಯದೆ ಎಂದು ಕೇಳಿದರೆ ಸಾಲದು. ಈ ನಾಯಿಗೆ, ಈ ಗಳಿಗೆಯಲ್ಲಿ, ಅದನ್ನು ತಾಳುವ ಶಕ್ತಿಯಿದೆಯೆ ಎಂದೂ ಕೇಳಬೇಕು.

ಕಾಲದ ಲೆಕ್ಕ

ತಾಯಿಗೆ ಕೊಟ್ಟ ಅರಿವಳಿಕೆಯ ಔಷಧವು ಮಾಸಿನ ಮೂಲಕ ಮರಿಗಳಿಗೂ ಹೋಗುವುದು. ಆದುದರಿಂದ ಮರಿಗಳನ್ನು ಆದಷ್ಟು ಬೇಗ ಹೊರತೆಗೆಯುವುದು ಮೊದಲ ಕೆಲಸ, ಸಂತಾನಹರಣವೇನಿದ್ದರೂ ಅನಂತರದ್ದು. ಮತ್ತೊಂದು ವಿಧಾನವೂ ಬಳಕೆಯಲ್ಲಿದೆ. ನಾಳಗಳನ್ನು ಬಿಗಿದು, ಮರಿಗಳು ಒಳಗಿರುವಂತೆಯೇ ಇಡೀ ಗರ್ಭಕೋಶವನ್ನು ತೆಗೆದು ಸಹಾಯಕರ ಕೈಗೆ ಕೊಡುವುದು. ನಾಳ ಬಿಗಿದ ಕ್ಷಣದಿಂದ ಮರಿಗಳಿಗೆ ಆಮ್ಲಜನಕವಿಲ್ಲ. ಸುಮಾರು ಒಂದು ನಿಮಿಷದೊಳಗೆ ಅವನ್ನೆಲ್ಲ ಹೊರತೆಗೆದು ಉಸಿರಾಡಿಸಬೇಕು. ಗರ್ಭಕೋಶ ಕೊಳೆತು ನಂಜಾಗಿರುವಾಗ, ಹೊಟ್ಟೆಯೊಳಕ್ಕೆ ಆ ನಂಜು ಚೆಲ್ಲದಂತೆ ತಡೆಯಲು ಇದು ಸಹಾಯಕ. ಸಾಕಷ್ಟು ನುರಿತ ಕೈಗಳಿಲ್ಲದ ಕಡೆ ಇದು ಮರಿಗಳಿಗೆ ಅಪಾಯಕಾರಿ.

ಮರಿಗಳು ಹೊರಬಂದ ಮೇಲೆಯೂ ಗಡಿಯಾರ ನಿಲ್ಲುವುದಿಲ್ಲ. ಆಗತಾನೆ ಹುಟ್ಟಿದ ನಾಯಿಮರಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯಿಲ್ಲ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಶಾಖ ಸೋರಿಹೋಗುವುದೂ ಹೆಚ್ಚು. ಲೋಟದ ಕಾಫಿ ಹಂಡೆಯ ನೀರಿಗಿಂತ ಬೇಗ ಆರುವುದು ಈ ಕಾರಣದಿಂದಲೇ. ಮರಿಗೆ ತಾಯಿಯ ಮೈಯ ಬಿಸುಪು ಬೇಕು. ರೋಗನಿರೋಧಕ ವಸ್ತುಗಳಿಂದ ಕೂಡಿದ ಮೊದಲ ಗಿಣ್ಣುಹಾಲು ಒಂದು ದಿನದೊಳಗೆ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿಯೇ, ಬೇಕು. ತಾಯಿ ಬೇಗ ಎಚ್ಚರವಾದಷ್ಟೂ ಒಳ್ಳೆಯದು. ಸಂತಾನಹರಣಕ್ಕೆ ಹಿಡಿಯುವ ಹೆಚ್ಚಿನ ನಿಮಿಷಗಳನ್ನು ಈ ಲೆಕ್ಕದಲ್ಲಿಯೇ ನೋಡಬೇಕು.

ಈ ಭಯಗಳು ಎಷ್ಟರಮಟ್ಟಿಗೆ ನಿಜ? 2023ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಸೇರಿಯನ್ ಮಾತ್ರ ಆದ ನಾಯಿಗಳನ್ನೂ ಸಂತಾನಹರಣವೂ ಜೊತೆಗೆ ಆದ ನಾಯಿಗಳನ್ನೂ ಹೋಲಿಸಿ ನೋಡಿದರು. ಒಟ್ಟು ನಾಯಿಗಳು ನೂರಕ್ಕೂ ಹೆಚ್ಚು. ಸಂತಾನಹರಣವನ್ನು ಕೂಡಿಸಿದುದರಿಂದ ತಾಯಿನಾಯಿಗಳ ಸಾವು ಹೆಚ್ಚಲಿಲ್ಲ. ಮರಿಗಳನ್ನು ಸಾಕುವ ಶಕ್ತಿಯೂ ಕುಂದಲಿಲ್ಲ. ಇದು ಧೈರ್ಯ ಕೊಡುವ ಫಲಿತಾಂಶವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಯಾವ ನಾಯಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಿದರೆ? ಇಲ್ಲ, ಇದು ಹಿಂದೆ ನಡೆದ ಚಿಕಿತ್ಸೆಗಳ ದಾಖಲೆಗಳ ಪರಿಶೀಲನೆ. ಪ್ರತಿಯೊಂದು ನಾಯಿಯ ಬಳಿಯೂ ನಿಂತಿದ್ದ ವೈದ್ಯರು ಅದರ ಸ್ಥಿತಿಯನ್ನು ಕಂಡೇ ತೀರ್ಮಾನ ಮಾಡಿರಬೇಕು. ಆದುದರಿಂದ ಈ ಅಧ್ಯಯನ ನಮಗೆ ಹೇಳುವುದು, “ಎಲ್ಲ ನಾಯಿಗಳಿಗೂ ಮಾಡಿ” ಎಂದಲ್ಲ. “ತಿಳಿದವರು ನೋಡಿ ಆರಿಸಿದ ನಾಯಿಗಳಿಗೆ ಭಯವಿಲ್ಲದೆ ಮಾಡಬಹುದು” ಎಂದು. ಈ ಎರಡು ವಾಕ್ಯಗಳ ಅಂತರವನ್ನು ಅರಿಯುವುದೂ ವಿಜ್ಞಾನದ ಶಿಕ್ಷಣದ ಒಂದು ಭಾಗ.

ತೀರ್ಮಾನದ ದಾರಿ

ಮೇಲಿನ ಸಂಗತಿಗಳಿಂದ ದಾರಿ ತಕ್ಕಮಟ್ಟಿಗೆ ಸ್ಪಷ್ಟವಾಗುವುದು. ಗರ್ಭಕೋಶ ಒಡೆದಿದ್ದರೆ, ತಿರುಚಿಕೊಂಡು ಕಪ್ಪಾಗಿದ್ದರೆ, ಒಳಗೆ ಮರಿಗಳು ಸತ್ತು ನಂಜೇರಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ಆಯ್ಕೆಯ ಮಾತೇ ಇಲ್ಲ. ಪೋರೊ ಮಾಡಿದಂತೆ ತೆಗೆಯಲೇಬೇಕು. ಗರ್ಭಕೋಶ ಆರೋಗ್ಯವಾಗಿದ್ದು, ತಾಯಿಯೂ ಗಟ್ಟಿಯಾಗಿದ್ದು, ಇನ್ನು ಮರಿಗಳು ಬೇಡವೆಂದು ಮನೆಯವರು ನಿಶ್ಚಯಿಸಿದ್ದರೆ, ಎರಡು ಕೆಲಸಗಳನ್ನೂ ಒಟ್ಟಿಗೆ ಮುಗಿಸುವುದು ಯುಕ್ತ. ಬೀದಿಯಿಂದ ಎತ್ತಿತಂದ ನಾಯಿಯಾಗಿದ್ದು ಅದನ್ನು ಇನ್ನೊಮ್ಮೆ ಹಿಡಿದು ತರುವ ಭರವಸೆಯಿಲ್ಲದಿದ್ದರೆ ಈ ವಾದಕ್ಕೆ ಇನ್ನಷ್ಟು ಬಲ ಬರುವುದು. ಏಕೆಂದರೆ “ಮುಂದೆ ಮಾಡಿಸೋಣ” ಎಂದು ಹೋದವರೆಲ್ಲರೂ ಹಿಂದಿರುಗಿ ಬರುವುದಿಲ್ಲ.

ತಾಯಿ ಬಳಲಿದ್ದರೆ ಮಾತ್ರ, ಮರಿಗಳನ್ನು ತೆಗೆದು, ಹೊಲಿದು, ಕಾಯುವುದೇ ಲೇಸು. ಹೆರಿಗೆಯ ಬಳಿಕ ನಾಯಿಯ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು ಸುಮಾರು ಹನ್ನೆರಡು ವಾರಗಳು ಬೇಕು. ಅಷ್ಟರಲ್ಲಿ ಮರಿಗಳು ಹಾಲು ಬಿಟ್ಟಿರುವುವು, ಮೊಲೆಗಳು ಒಣಗಿರುವುವು, ರಕ್ತನಾಳಗಳು ಮತ್ತೆ ದಾರದಂತಾಗಿರುವುವು. ಎರಡು ಬೆದೆಗಳ ನಡುವಣ ಅಂತರ ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚಾಗಿರುವುದರಿಂದ, ಮರೆಯದೆ ಬರುವವರಿಗೆ ಕಾಲಾವಕಾಶವೂ ಉಂಟು.

ಆ ರಾತ್ರಿ ವೈದ್ಯೆ ಇದನ್ನೆಲ್ಲ ಸಂಗ್ರಹವಾಗಿ ಹೇಳಿ, “ನಿಮ್ಮ ಒಪ್ಪಿಗೆಗೆ ಒಂದು ಷರತ್ತಿರಲಿ. ಅವಳು ತಾಳುವಳೆಂದು ಕಂಡರೆ ತೆಗೆಯುತ್ತೇನೆ, ಇಲ್ಲವಾದರೆ ಇಲ್ಲ. ಒಳಗೆ ನೋಡದೆ ನಾನೂ ಮಾತು ಕೊಡಲಾರೆ” ಎಂದರು. ನನ್ನ ತಾಯಿಯವರು ನನ್ನ ಮುಖವನ್ನು ನೋಡಿದರು. ನಾನು ಕಾಗದಕ್ಕೆ ಹಾಗೆಯೇ ಬರೆದು ಸಹಿ ಹಾಕಿದೆ.

ಮುಕ್ಕಾಲು ಗಂಟೆಯ ಮೇಲೆ ಸಹಾಯಕನು ಟವಲಿನಲ್ಲಿ ಒಂದು ಮರಿಯನ್ನು ಸುತ್ತಿಕೊಂಡು ಹೊರಗೆ ಬಂದನು. ಅದು ಕೀಚಲು ದನಿಯಲ್ಲಿ ಅಳುತ್ತಿತ್ತು. ಇನ್ನೊಂದು, ದೊಡ್ಡದು, ಉಳಿದಿರಲಿಲ್ಲ. ಕೆಂಚಿಯ ಒಸಡು ಬಿಳಿಚಿಕೊಂಡಿದೆ, ನಾಡಿ ವೇಗವಾಗಿದೆ, ಗರ್ಭಕೋಶ ಮಾತ್ರ ಆರೋಗ್ಯವಾಗಿದೆ, ಆದುದರಿಂದ ಹೊಲಿಗೆ ಹಾಕುತ್ತಿದ್ದಾರೆ, ಸಂತಾನಹರಣ ಇವತ್ತು ಬೇಡವಂತೆ ಎಂದು ಅವನು ತಿಳಿಸಿದನು. ಖರ್ಚು ಎರಡಾಯಿತೆಂಬ ಯೋಚನೆ ಆಗ ನಮ್ಮಿಬ್ಬರಿಗೂ ಬರಲಿಲ್ಲ. ನನ್ನ ತಾಯಿಯವರು ಮರಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕುಳಿತರು. ನಸುಕಿನಲ್ಲಿ ಕೆಂಚಿ ತಲೆಯೆತ್ತಿ ಅದನ್ನು ಮೂಸಿ ನೆಕ್ಕಿತು.

ಮೂರು ತಿಂಗಳ ಬಳಿಕ, ಒಂದು ಭಾನುವಾರ ಬೆಳಗ್ಗೆ, ಕೆಂಚಿಗೆ ಸಂತಾನಹರಣವಾಯಿತು. ಸಂಜೆಗೆ ಅದು ಮನೆಗೆ ನಡೆದು ಬಂದಿತು. ಆ ದಿನ ವೈದ್ಯೆಗೆ ಅವಸರವಿರಲಿಲ್ಲ, ನಮಗೂ ಭಯವಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಮಗೆ ದೊರೆತುದು ಹತ್ತು ನಿಮಿಷ. ಅದನ್ನು ಮುಂಚೆಯೇ, ನಾಯಿ ಬಸುರಾಗಿದೆಯೆಂದು ತಿಳಿದ ದಿನವೇ, ವೈದ್ಯರೊಡನೆ ಕುಳಿತು ಕೇಳಬಹುದಾಗಿತ್ತು. ಇನ್ನು ಮರಿಗಳು ಬೇಕೆ? ಸಿಸೇರಿಯನ್ ಆದರೆ ಏನು ಮಾಡಬೇಕು? ತಾಯಿ ಗಟ್ಟಿಯಾಗಿದ್ದರೆ ಏನು, ಬಳಲಿದ್ದರೆ ಏನು? ಇಷ್ಟನ್ನು ಮೊದಲೇ ನಿರ್ಧರಿಸಿ ಬರೆದಿಟ್ಟರೆ, ನಡುರಾತ್ರಿಯ ಬೆಂಚಿನ ಮೇಲೆ ಕುಳಿತವರಿಗೆ ಉಳಿಯುವ ಕೆಲಸ ಕಾಯುವುದೊಂದೇ. ನಾಯಿ ಸಾಕಿದ ವಾಚಕರು ಈ ಲೇಖನವನ್ನು ಓದಿದ ಮೇಲೆ ಆ ಒಂ​ದು ಮಾತುಕತೆಯನ್ನು ಇಂದೇ ನಡೆಸಿದರೆ ನನ್ನ ಶ್ರಮ ಸಾರ್ಥಕ.